ಧಾರೆಯ ಡಿಸ್ಕ್ ಮೊದಲು, ಸಿನಿಮಾ ಆಮೇಲೆ: ದಾವಣಗೆರೆಯ ಒಂದು ಮನೆಯ ಡಿಸ್ಕ್ ಸಂಗ್ರಹವನ್ನು ಕಂಪ್ಯೂಟರಿಗೆ ಇಳಿಸಿದ ಪ್ರಕರಣ

ನಿಟುವಳ್ಳಿಯ ನಮ್ಮ ದೊಡ್ಡಪ್ಪನ ಮನೆಯ ಷೋಕೇಸಿನಲ್ಲಿ ಸುಮಾರು ಮುನ್ನೂರು ಡಿಸ್ಕ್‌ಗಳಿವೆ. ನೂರ ಎಂಬತ್ತರಷ್ಟು ವಿಸಿಡಿ, ನೂರರ ಆಸುಪಾಸು ಡಿವಿಡಿ. ಉಳಿದ ಇಪ್ಪತ್ತು ಚಿಲ್ಲರೆ ಮನೆಯವೇ ಮದುವೆ, ಗೃಹಪ್ರವೇಶ, ನಾಮಕರಣಗಳದ್ದು, ಸ್ಟುಡಿಯೊದವರು ಬರೆದು ಕೊಟ್ಟವು. ಸಿನಿಮಾಗಳಲ್ಲಿ ಬಹುಪಾಲು ಕನ್ನಡದವು, ಅದರಲ್ಲೂ ಅರವತ್ತು, ಎಪ್ಪತ್ತರ ದಶಕದವು. ದೊಡ್ಡಪ್ಪ ಎ.ಪಿ.ಎಂ.ಸಿ. ಯಾರ್ಡಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವರು. ಹಾಗಾಗಿ ಡಿಸ್ಕ್‌ಗಳಿಗೂ ಒಂದು ಖಾತೆ ಪುಸ್ತಕ ಇಟ್ಟಿದ್ದಾರೆ. ಕ್ರಮಸಂಖ್ಯೆ, ಚಿತ್ರದ ಹೆಸರು, ಎಷ್ಟು ಡಿಸ್ಕ್, ಕೊಂಡ ತಾರೀಖು, ಕೊಟ್ಟ ದುಡ್ಡು, ಎಲ್ಲಕ್ಕೂ ಒಂದೊಂದು ಕಾಲಂ. 2007ರ ಸುಮಾರಿನ ಪುಟಗಳಲ್ಲಿ ಬರಹ ಒತ್ತೊತ್ತಾಗುತ್ತದೆ. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಅಂಗಡಿಗೆ ಬಿಟ್ಟ ಕಾಲ ಅದು. ಅದಕ್ಕೂ ಮುಂಚೆ ತಿಂಗಳಿಗೊಂದು ಕೊಳ್ಳುತ್ತಿದ್ದವರು ಆಮೇಲೆ ಸಂಬಳದ ದಿನ ಚೀಲ ಹಿಡಿದೇ ಹೋಗಿದ್ದಾರೆ.

ಪ್ಲೇಯರ್ ಕೆಟ್ಟು ಕೂತಿತು. ರಿಪೇರಿಯವರು ಲೆನ್ಸ್ ಸಿಗುವುದಿಲ್ಲ ಎಂದು ವಾಪಸ್ ಕೊಟ್ಟರು. ಹೊಸ ಟಿವಿಗೆ ಪೆನ್‌ಡ್ರೈವ್ ಮಾತ್ರ ಗೊತ್ತು. ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು ನಾನು, ಆದ್ದರಿಂದ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆವು, ಎಲ್ಲಿ ಕಷ್ಟವಾಯಿತು, ಏನನ್ನು ಬೇಕೆಂದೇ ಬಿಟ್ಟೆವು ಎಂಬುದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇಂಥ ಷೋಕೇಸುಗಳು ಊರಿನ ಎಷ್ಟೋ ಮನೆಗಳಲ್ಲಿವೆ, ಒಳಗಿನ ಡಿಸ್ಕ್‌ಗಳು ಯಾರಿಗೂ ಕಾಣದ ಹಾಗೆ ಹಾಳಾಗುತ್ತಿವೆ.

ಷೋಕೇಸಿನ ಸ್ಥಿತಿ

ಷೋಕೇಸು ಪಡುವಣ ಕಿಟಕಿಯ ಎದುರಿಗಿದೆ. ಬೇಸಿಗೆಯ ಮಧ್ಯಾಹ್ನದ ಬಿಸಿಲು ಗಾಜಿನ ಮೂಲಕ ನೇರ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಅರ್ಧದಷ್ಟು ಡಿಸ್ಕ್‌ಗಳು ರೆಕ್ಸಿನ್ ಜಿಪ್ ಫೋಲ್ಡರಿನಲ್ಲಿದ್ದವು. ಸೆಕೆಗೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕೆಲವು ಡಿಸ್ಕ್‌ಗಳಿಗೆ ಅಂಟಿಕೊಂಡಿತ್ತು.

ಅಂಗಡಿಯಿಂದ ಕೊಂಡ ಡಿಸ್ಕೂ ಸ್ಟುಡಿಯೊದವರು ಬರೆದ ಡಿಸ್ಕೂ ಒಂದೇ ಜಾತಿಯವಲ್ಲ. ಕೊಂಡ ಡಿಸ್ಕಿನಲ್ಲಿ ಗುಳಿಗಳನ್ನು ಅಚ್ಚಿನಿಂದ ಒತ್ತಿ ಮೇಲೆ ಅಲ್ಯೂಮಿನಿಯಂ ಪದರ ಕೊಟ್ಟಿರುತ್ತಾರೆ. ಬರೆದ ಡಿಸ್ಕಿನಲ್ಲಿ ಲೇಸರ್ ಬಣ್ಣದ ಪದರವೊಂದನ್ನು ಸುಟ್ಟು ಗುರುತು ಮಾಡಿರುತ್ತದೆ. ಆ ಬಣ್ಣಕ್ಕೆ ಬಿಸಿಲೂ ಬಿಸಿಯೂ ಆಗಿಬರುವುದಿಲ್ಲ. ಅಂದರೆ ಇಡೀ ಷೋಕೇಸಿನಲ್ಲಿ ಬೇಗ ಅಳಿಯುವಂಥವು ಅಕ್ಕನ ಮದುವೆಯೂ ಅಜ್ಜಿಯ ಮುಖವಿದ್ದ ಗೃಹಪ್ರವೇಶವೂ ಆಗಿದ್ದವು. ದೊಡ್ಡಪ್ಪನ ಲೆಕ್ಕ ಬೇರೆಯಿತ್ತು.

"ಮೊದ್ಲು ಸಿನಿಮಾ ತಗೊಳ್ಳೋ. ಮದುವೆ ಸೀಡಿ ಎಲ್ಲಿಗೆ ಹೋಗ್ತಾವೆ, ಮನೇಲೇ ಅದಾವಲ್ಲ."

"ದೊಡ್ಡಪ್ಪ, ಸಿನಿಮಾ ಇನ್ನೊಬ್ಬರ ಮನೇಲಾದ್ರೂ ಸಿಗ್ತಾವೆ. ಅಜ್ಜಿ ನಗೋದು ಇದೊಂದ್ರಲ್ಲೇ ಐತೆ."

ಅವರು ಏನೂ ಹೇಳದೆ ಎದ್ದು ಹೋಗಿ ಆ ಇಪ್ಪತ್ತು ಡಿಸ್ಕ್‌ಗಳನ್ನು ತಾವೇ ಆರಿಸಿ ತಂದರು.

ಇಡೀ ಕೆಲಸದಲ್ಲಿ ನನಗೆ ಮುಖ್ಯವಾಗಿ ತೋರಿದ್ದು ಇಷ್ಟೇ. ಯಾವುದು ಮೊದಲು ಅಳಿಯುತ್ತದೋ, ಅಳಿದರೆ ಮತ್ತೆಲ್ಲೂ ಸಿಗುವುದಿಲ್ಲವೋ ಅದನ್ನು ಮೊದಲು ಎತ್ತಬೇಕು. ಎತ್ತುವಾಗ ಇದ್ದದ್ದನ್ನು ಇದ್ದ ಹಾಗೆ ಎತ್ತಬೇಕು. ಚಿಕ್ಕದು ಮಾಡುವುದು, ಟಿವಿಗೆ ಹೊಂದಿಸುವುದು, ಚಂದ ಮಾಡುವುದು ಎಲ್ಲ ಆಮೇಲಿನ ಮಾತು. ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ, ಈ ಸರದಿ ಮಾತ್ರ ತಪ್ಪಬಾರದು.

ಒರೆಸುವುದು

ಗಾಜಿನ ಲೋಟ ತೊಳೆಯುವ ಸೋಪಿನ ನೀರು ಒಂದೆರಡು ಹನಿ, ಶುದ್ಧ ನೀರು, ಮೆತ್ತನೆಯ ಹತ್ತಿ ಬಟ್ಟೆ ಸಾಕು. ಒರೆಸುವಾಗ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಎಳೆಯಬೇಕು, ಸುತ್ತ ತಿರುಗಿಸಬಾರದು. ಅಡ್ಡಗೀರು ಬಿದ್ದರೆ ಲೇಸರ್ ಅದನ್ನು ಒಂದು ಕ್ಷಣದಲ್ಲಿ ದಾಟುತ್ತದೆ, ದೋಷ ತಿದ್ದುವ ವ್ಯವಸ್ಥೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಸುತ್ತುಗೀರು ಬಿದ್ದರೆ ಸಾಲಿನ ಉದ್ದಕ್ಕೂ ಮಾಹಿತಿ ಹೋಗುತ್ತದೆ. ಹಲ್ಲುಪುಡಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಮನೆಮದ್ದನ್ನು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಮಾಡಬೇಡಿ. ಅದರಲ್ಲಿ ಇರುವುದು ಉಜ್ಜುವ ಪುಡಿ.

ಕೆಳಮೈ ಗೀರಿಗಿಂತ ಲೇಬಲ್ ಇರುವ ಮೇಲ್ಗಡೆಯ ಗೀರು ಸಿಡಿಯಲ್ಲಿ ಹೆಚ್ಚು ಅಪಾಯದ್ದು. ಸಿಡಿ, ವಿಸಿಡಿಗಳಲ್ಲಿ ಮಾಹಿತಿಯ ಪದರ ಲೇಬಲ್ಲಿನ ಅಡಿಯಲ್ಲೇ ಇರುತ್ತದೆ, ಮೇಲೆ ತೆಳುವಾದ ಲ್ಯಾಕರ್ ಅಷ್ಟೇ. ಟ್ಯೂಬ್‌ಲೈಟಿಗೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅಲ್ಲಿ ಪದರವೇ ಹೋಗಿದೆ ಎಂದರ್ಥ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಮಾಹಿತಿ ಸೇರಿಕೊಂಡಿರುವುದರಿಂದ ಆ ಭಯ ಕಡಿಮೆ.

ದಾವಣಗೆರೆಯ ಮನೆಗಳ ವಿಸಿಡಿಗಳಿಗೆ ಇನ್ನೊಂದು ಕಾಯಿಲೆ ಉಂಟು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತ ಸಿನಿಮಾ ನೋಡುವುದು, ಇಂಟರ್ವಲ್ಲಿಗೆ ಅದೇ ಕೈಯಲ್ಲಿ ಡಿಸ್ಕ್ ಬದಲಿಸುವುದು. ಎಣ್ಣೆಯ ಬೆರಳಚ್ಚುಗಳೆಲ್ಲ ಡಿಸ್ಕಿನ ಹೊರ ಅಂಚಿನಲ್ಲಿ. ಸಿಡಿಯನ್ನು ಓದುವುದು ಒಳಗಿನಿಂದ ಹೊರಕ್ಕೆ. ತುಂಬಿದ ವಿಸಿಡಿಯಲ್ಲಿ ಆ ಡಿಸ್ಕಿನ ಕೊನೆಯ ನಿಮಿಷಗಳು ಹೊರ ಅಂಚಿನಲ್ಲೇ ಬರುತ್ತವೆ. ಎರಡು ಡಿಸ್ಕಿನ ಸಿನಿಮಾದಲ್ಲಿ ಮೊದಲನೆಯದು ಇಂಟರ್ವಲ್ ಹತ್ತಿರ, ಎರಡನೆಯದು ಕ್ಲೈಮ್ಯಾಕ್ಸ್ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತಿದ್ದುದು ಎಲ್ಲರಿಗೂ ನೆನಪಿರಬಹುದು. ಆ ಬೆರಳಚ್ಚುಗಳನ್ನು ತೊಳೆದ ಮೇಲೆ "ಹೋಗಿದೆ" ಎಂದು ದೊಡ್ಡಪ್ಪ ಖಾತೆಯಲ್ಲಿ ಗೀಟು ಹೊಡೆದಿದ್ದ ಹಲವು ಡಿಸ್ಕ್‌ಗಳು ಸರಾಗವಾಗಿ ಓದಿಕೊಂಡವು.

ಧಾರೆಯ ಡಿಸ್ಕ್

ಅಕ್ಕನ ಮದುವೆ 2006ರಲ್ಲಿ. ಸ್ಟುಡಿಯೊದವರು ಮೂರು ಡಿವಿಡಿ ಕೊಟ್ಟಿದ್ದರು, ಮೂರರ ಮೇಲೂ ಗಂಡು ಹೆಣ್ಣಿನ ಫೋಟೊ ಇರುವ ಕಾಗದದ ಸ್ಟಿಕರ್. ಒಂದು ಮತ್ತು ಮೂರನೆಯದು ಬಂದವು. ಧಾರೆ ಇದ್ದ ಎರಡನೆಯದು ಹಾಕಿದರೆ ಡ್ರೈವ್ ಗರಗರ ಎನ್ನುತ್ತ ತಿರುಗಿ ಸುಮ್ಮನಾಗುತ್ತಿತ್ತು.

ಸ್ಟಿಕರ್ ಕಿತ್ತುಬಿಡೋಣ ಎಂಬ ಆಸೆ ಯಾರಿಗಾದರೂ ಬರುತ್ತದೆ. ಕೀಳಬಾರದು. ಬರೆದ ಸಿಡಿಯಲ್ಲಾದರೆ ಸ್ಟಿಕರಿನ ಜೊತೆಗೆ ಹೊಳೆಯುವ ಪದರವೂ ಎದ್ದು ಬರುತ್ತದೆ. ಡಿವಿಡಿಯಲ್ಲಿ ಎಳೆತಕ್ಕೆ ಎರಡು ತಟ್ಟೆಗಳ ಅಂಟು ಬಿಡುವ ಅಪಾಯವಿದೆ. ಸ್ಟಿಕರಿನಿಂದ ತೂಕ ಒಂದು ಕಡೆ ವಾಲಿ ಡಿಸ್ಕ್ ಅದುರುತ್ತದೆ, ವೇಗ ಹೆಚ್ಚಿದಷ್ಟೂ ಅದುರು ಹೆಚ್ಚು. ಹಾಗಾಗಿ ಓದುವ ವೇಗವನ್ನೇ ಇಳಿಸಿದೆ. ಲಿನಕ್ಸಿನಲ್ಲಿ (ವಿಂಡೋಸ್ ಬದಲಿಗೆ ಬಳಸುವ ಉಚಿತ ಕಾರ್ಯಾಚರಣ ವ್ಯವಸ್ಥೆ) ಒಂದು ಸಾಲಿನ ಆಜ್ಞೆಯಿಂದ ಡ್ರೈವಿಗೆ ನಾಲ್ಕು ಎಕ್ಸ್ ವೇಗ, ಅಂದರೆ ಮೂಲ ವೇಗದ ನಾಲ್ಕು ಪಟ್ಟು, ಸಾಕು ಎಂದು ಹೇಳಬಹುದು. ಡಿಸ್ಕ್ ಸುಮ್ಮನೆ ತಿರುಗತೊಡಗಿತು, ಕಂಪ್ಯೂಟರಿಗೆ ಅದು ಡಿವಿಡಿ ಎಂದು ಗೊತ್ತಾಯಿತು.

ಇಲ್ಲಿಂದ ಮುಂದಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ಉಪಕರಣ. ಅದು ಇಡೀ ಡಿಸ್ಕಿನ ಪಡಿಯಚ್ಚನ್ನು 'ಇಮೇಜ್' ಎಂಬ ಒಂದೇ ಫೈಲಾಗಿ ಎತ್ತುತ್ತದೆ. ಸಾಮಾನ್ಯ ಕಾಪಿಯಲ್ಲಿ ಕೆಟ್ಟ ಜಾಗ ಸಿಕ್ಕರೆ ಕಂಪ್ಯೂಟರ್ ಅಲ್ಲೇ ತಿಣುಕಾಡಿ ಕೊನೆಗೆ ಇಡೀ ಫೈಲನ್ನೇ ಕೈಬಿಡುತ್ತದೆ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಬಂದ ಕೂಡಲೇ ಅದನ್ನು ದಾಟಿ ಮುಂದಿನ ಒಳ್ಳೆಯದನ್ನೆಲ್ಲ ಬಾಚಿಕೊಳ್ಳುತ್ತದೆ. ದಾಟಿದ ಜಾಗಗಳ ಪಟ್ಟಿಯನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮುಂದಿನ ಸುತ್ತುಗಳಲ್ಲಿ ಆ ಜಾಗಗಳಿಗೆ ಮಾತ್ರ ಮರಳಿ, ತುದಿಗಳಿಂದ ಒಂದೊಂದೇ ಸೆಕ್ಟರ್ (ಡಿಸ್ಕಿನಲ್ಲಿ ಒಮ್ಮೆಗೆ ಓದುವ ಅತಿ ಚಿಕ್ಕ ತುಂಡು) ಬಿಡಿಸಿಕೊಳ್ಳಲು ನೋಡುತ್ತದೆ. ಡಿವಿಡಿಗೆ ಸೆಕ್ಟರ್ ಗಾತ್ರ 2048 ಬೈಟ್ ಎಂದು ಮೊದಲೇ ಹೇಳಿಕೊಡಬೇಕು. ನಡುವೆ ಕರೆಂಟ್ ಹೋದರೂ ಮ್ಯಾಪ್ ಫೈಲ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ನಮ್ಮ ಬೇಸಿಗೆಗಳಲ್ಲಿ ಇದು ಸಣ್ಣ ಉಪಕಾರವಲ್ಲ.

ಮೊದಲ ಸುತ್ತಿನಲ್ಲಿ ಡಿಸ್ಕಿನ ಹೆಚ್ಚಿನ ಭಾಗ ಬಂತು. ಉಳಿದ ರಂಧ್ರಗಳು ಹೆಚ್ಚಾಗಿ 32 ಕಿಲೋಬೈಟಿನ ತುಂಡುಗಳಾಗಿದ್ದವು. ಡಿವಿಡಿಯಲ್ಲಿ ಹದಿನಾರು ಸೆಕ್ಟರ್‌ಗಳನ್ನು ಒಟ್ಟಿಗೆ ಕಟ್ಟಿ ಅದಕ್ಕೊಂದು ದೋಷ ತಿದ್ದುವ ಸಂಕೇತ ಇಡುತ್ತಾರೆ, ತಿದ್ದಲಾಗದಷ್ಟು ಕೆಟ್ಟರೆ ಹದಿನಾರೂ ಒಟ್ಟಿಗೆ ಹೋಗುತ್ತವೆ. ಅಷ್ಟರಲ್ಲಿ ಎಷ್ಟು ದೃಶ್ಯ ಹೋಗುತ್ತದೆ? ಸೆಕೆಂಡಿಗೆ 5 ಮೆಗಾಬಿಟ್ ಲೆಕ್ಕದಲ್ಲಿ ಸೆಕೆಂಡಿನ ಇಪ್ಪತ್ತನೇ ಒಂದು ಪಾಲು. ಆದರೆ ಈ ಡಿಸ್ಕ್‌ಗಳಲ್ಲಿ ಬಳಸುವ ಎಂಪೆಗ್ ಎಂಬ ಬಗೆಯ ವಿಡಿಯೊದಲ್ಲಿ ಪ್ರತಿ ಚಿತ್ರವೂ ಸ್ವತಂತ್ರವಲ್ಲ. ಒಂದು ಪೂರ್ತಿ ಚಿತ್ರ, ಆಮೇಲೆ ಹತ್ತು ಹನ್ನೊಂದು ಚಿತ್ರಗಳ ಬದಲಾವಣೆಗಳು ಮಾತ್ರ, ಹೀಗೆ ಗುಂಪು ಕಟ್ಟಿರುತ್ತದೆ. ಗುಂಪಿನ ತಲೆಯಲ್ಲೇ ರಂಧ್ರ ಬಿದ್ದರೆ ಅರ್ಧ ಸೆಕೆಂಡ್ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಸಿನಿಮಾದಲ್ಲಿ ಅದನ್ನು ಸಹಿಸಬಹುದು. ತಾಳಿ ಕಟ್ಟುವ ಅರ್ಧ ಸೆಕೆಂಡಿಗೆ ಅದೇ ಮಾತು ಹೇಳಲು ನನಗೆ ಮನಸ್ಸು ಬರಲಿಲ್ಲ.

ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಲೇಸರಿನ ಶಕ್ತಿ, ಲೆನ್ಸಿನ ಹೊಂದಾಣಿಕೆ ಒಂದೊಂದರಲ್ಲಿ ಒಂದೊಂದು ಥರ. ಹಳೆಯ ಡೆಸ್ಕ್‌ಟಾಪಿನ ಡ್ರೈವ್ ಸೋತ ಕಡೆ ಯುಎಸ್‌ಬಿ ಡ್ರೈವ್ ಹಚ್ಚಿ, ಅದೇ ಇಮೇಜ್, ಅದೇ ಮ್ಯಾಪ್ ಫೈಲ್ ಕೊಟ್ಟೆ. ಅದು ಉಳಿದ ರಂಧ್ರಗಳನ್ನು ಮಾತ್ರ ಹುಡುಕಿಕೊಂಡು ಹೋಗಿ ಹಲವನ್ನು ತುಂಬಿತು. ಯುಎಸ್‌ಬಿ ಡ್ರೈವನ್ನು ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೇ, ಗಿಡ್ಡ ಕೇಬಲ್ಲಿನಲ್ಲಿ ಚುಚ್ಚಬೇಕು. ಉದ್ದದ ಕೇಬಲ್ಲಿನಲ್ಲಿ ಕರೆಂಟ್ ಸಾಲದೆ ಒಳ್ಳೆಯ ಡಿಸ್ಕೂ ಕೆಟ್ಟದ್ದರ ಹಾಗೆ ಕಾಣುತ್ತದೆ. ಇಷ್ಟಾದರೂ ಹೊರ ಅಂಚಿನ ಹತ್ತಿರ ಒಂದು ಪಟ್ಟಿ ಹಾಗೇ ಉಳಿಯಿತು. ಬಿಸಿಲು ಹೆಚ್ಚು ತಾಗಿದ್ದೂ ಅಲ್ಲೇ.

ಆಗ ದೊಡ್ಡಮ್ಮ ಅಡುಗೆಮನೆಯಿಂದಲೇ ನೆನಪಿಸಿದರು. "ಬೀಗರಿಗೂ ಒಂದು ಸೆಟ್ ಕೊಟ್ಟಿದ್ವಲ್ಲೋ, ಹರಿಹರದಾಗೆ ಇರ್ಬೇಕು ನೋಡು."

ಅಕ್ಕ ಹರಿಹರದಿಂದ ತಂದಳು. ಆ ಸೆಟ್ ಬೀರುವಿನ ಕತ್ತಲಲ್ಲಿ, ಸೀರೆಗಳ ನಡುವೆ ಇದ್ದದ್ದು. ಅಂಚು ಚೆನ್ನಾಗಿತ್ತು, ಬದಲಿಗೆ ನಡುವಿನ ಹತ್ತಿರ ಆಳವಾದ ಗೀರಿತ್ತು. ಎರಡೂ ಒಂದೇ ಮೂಲದಿಂದ ಬರೆದವಾದರೆ ಒಂದರ ರಂಧ್ರವನ್ನು ಇನ್ನೊಂದರಿಂದ ತುಂಬಬಹುದು. ಬೇರೆ ಬೇರೆ ಸಲ ಎಡಿಟ್ ಮಾಡಿ ಬರೆದಿದ್ದರೆ ಸೆಕ್ಟರುಗಳ ಜಾಗವೇ ಹೊಂದದೆ ಬೆರೆಸಿದ ಇಮೇಜೇ ಕೆಡುತ್ತದೆ. ಹಾಗಾಗಿ ಹರಿಹರದ ಡಿಸ್ಕನ್ನು ನೇರವಾಗಿ ಬೆರೆಸದೆ ಅದಕ್ಕೆ ತನ್ನದೇ ಇಮೇಜು, ತನ್ನದೇ ಮ್ಯಾಪ್ ಫೈಲ್ ಮಾಡಿದೆ. ಒಟ್ಟು ಸೆಕ್ಟರ್‌ಗಳ ಸಂಖ್ಯೆ ನೋಡಿದೆ, ಒಂದೇ. ಎರಡರಲ್ಲೂ ಚೆನ್ನಾಗಿ ಓದಿದ ಭಾಗಗಳನ್ನು ಬೈಟ್ ಬೈಟಾಗಿ ಹೋಲಿಸಿದೆ, ಒಂದೂ ವ್ಯತ್ಯಾಸವಿಲ್ಲ. ಆ ಮೇಲೆಯೇ ನಿಟುವಳ್ಳಿಯ ಇಮೇಜಿನ ರಂಧ್ರಗಳಿಗೆ ಹರಿಹರದ ಇಮೇಜಿನಿಂದ ತುಂಬಿಸಿದ್ದು. ಡಿಡಿರೆಸ್ಕ್ಯೂ ಇದನ್ನೂ ಮಾಡುತ್ತದೆ. ಎರಡನೆಯ ಇಮೇಜಿನ ಮ್ಯಾಪ್ ಫೈಲನ್ನು ಕೊಟ್ಟರೆ ಅದರ ಒಳ್ಳೆಯ ಜಾಗಗಳನ್ನು ಮಾತ್ರ ನಂಬಿ ಮುಟ್ಟುತ್ತದೆ. ಮ್ಯಾಪ್ ಫೈಲಿನಲ್ಲಿ ಕೆಟ್ಟ ಜಾಗದ ಲೆಕ್ಕ ಸೊನ್ನೆಗೆ ಇಳಿಯಿತು. ಧಾರೆ ಪೂರ್ತಿ ಇದೆ, ಮಂಗಳಾಷ್ಟಕದ ದನಿಯೂ ಎಲ್ಲೂ ತುಂಡಾಗಿಲ್ಲ.

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಮದುವೆ ಡಿಸ್ಕ್ ಹೋಗಿದೆ ಎಂದು ಬಿಸಾಡುವ ಮುಂಚೆ ಬೀಗರ ಮನೆ, ಸೋದರಮಾವನ ಮನೆ, ಎಲ್ಲಿ ಇನ್ನೊಂದು ಸೆಟ್ ಹೋಗಿದೆಯೋ ಅಲ್ಲಿ ಒಮ್ಮೆ ಕೇಳಿ. ಎರಡು ಕೆಟ್ಟ ಪ್ರತಿಗಳಿಂದ ಒಂದು ಒಳ್ಳೆಯ ಪ್ರತಿ ನಿಜವಾಗಿಯೂ ಆಗುತ್ತದೆ.

ವಿಸಿಡಿಗಳ ಸ್ವಭಾವ

ವಿಸಿಡಿಯನ್ನು ತೆರೆದರೆ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ ಒಂದು ದೊಡ್ಡ ಡ್ಯಾಟ್ ಫೈಲ್ ಕಾಣುತ್ತದೆ. ಎಲ್ಲರೂ ಮಾಡುವುದು ಅದನ್ನು ಕಾಪಿ ಮಾಡಿ ಪೇಸ್ಟ್ ಮಾಡುವುದು. ಡಿಸ್ಕ್ ಹೊಸದಾಗಿದ್ದರೆ ಅದು ನಡೆಯುತ್ತದೆ. ಹಳೆಯದಾದರೆ ಎಲ್ಲೋ ಒಂದು ಕಡೆ ನಿಂತು ಓದಲಾಗುತ್ತಿಲ್ಲ ಎಂಬ ಸಂದೇಶ ಕೊಟ್ಟು ಇಡೀ ಫೈಲನ್ನು ಬಿಟ್ಟುಬಿಡುತ್ತದೆ. ಆದರೆ ಅದೇ ಡಿಸ್ಕ್ ಹಳೆಯ ಪ್ಲೇಯರಿನಲ್ಲಿ ಓಡುತ್ತಿತ್ತು, ಯಾಕೆ?

ಸಿಡಿಯ ಒಂದು ಸೆಕ್ಟರ್ 2352 ಬೈಟ್. ಕಡತಗಳನ್ನಿಡುವ ಸಾಮಾನ್ಯ ಸಿಡಿಯಲ್ಲಿ ಅದರಲ್ಲಿ 2048 ಮಾತ್ರ ನಮ್ಮದು, ಉಳಿದದ್ದರಲ್ಲಿ ಹೆಚ್ಚಿನ ಭಾಗ ದೋಷ ತಿದ್ದುವುದಕ್ಕೆ. ವಿಸಿಡಿಯಲ್ಲಿ ಚಿತ್ರಕ್ಕೆ ಹೆಚ್ಚು ಜಾಗ ಬೇಕೆಂದು ಆ ತಿದ್ದುಪಡಿಯ ಪದರವನ್ನೇ ತೆಗೆದು 2324 ಬೈಟ್ ಬಳಸಿಕೊಂಡಿದ್ದಾರೆ. 700 ಮೆಗಾಬೈಟಿನ ಸಿಡಿಯಲ್ಲಿ ಸುಮಾರು 800 ಮೆಗಾಬೈಟ್ ವಿಡಿಯೊ ಹಿಡಿಯುವುದು ಹೀಗೆ. ಒಂದೆರಡು ಬೈಟ್ ತಪ್ಪಾದರೆ ಪರದೆಯ ಮೇಲೆ ಒಂದು ಕ್ಷಣ ಚೌಕ ಕಾಣುತ್ತದೆ, ಪ್ಲೇಯರ್ ಮುಂದೆ ಹೋಗುತ್ತದೆ. ಕಂಪ್ಯೂಟರ್ ಕಾಪಿ ಮಾಡುವಾಗ ಒಂದು ಬೈಟ್ ತಪ್ಪಿದರೂ ಒಪ್ಪುವುದಿಲ್ಲ.

ಆದ್ದರಿಂದ ವಿಸಿಡಿಯನ್ನು ಕಚ್ಚಾ ರೂಪದಲ್ಲೇ ಓದಬೇಕು. ಲಿನಕ್ಸಿನಲ್ಲಿ ಸಿಡಿಆರ್‌ಡಿಎಒ ಎಂಬ ಉಪಕರಣ 2352 ಬೈಟನ್ನೂ ಹಾಗೆಯೇ ಎತ್ತಿ ಬಿನ್ ಫೈಲ್ ಮಾಡುತ್ತದೆ. ವಿಸಿಡಿಇಮೇಜರ್ ಜೊತೆಗೆ ಬರುವ ಉಪಕರಣ ಅದರಿಂದ ಶುದ್ಧ ಎಂಪೆಗ್ ಫೈಲ್ ತೆಗೆಯುತ್ತದೆ. ವಿಂಡೋಸಿನಲ್ಲಿ ಐಸೊಬಸ್ಟರ್ ಈ ಕೆಲಸ ಮಾಡುತ್ತದೆ. ಕಾಪಿಗೆ ಜಗ್ಗದ ಬಹುಪಾಲು ವಿಸಿಡಿಗಳು ಹೀಗೆ ಬಂದವು.

ಬಂದ ಮೇಲೆ ಅದನ್ನು ಮತ್ತೆ ಹಿಂಡಬಾರದು, ಅಂದರೆ ಕಂಪ್ರೆಸ್ ಮಾಡಿ ಚಿಕ್ಕದಾಗಿಸಬಾರದು. ವಿಸಿಡಿಯ ಚಿತ್ರ 352 ಚುಕ್ಕೆ ಅಡ್ಡ, 288 ಚುಕ್ಕೆ ಉದ್ದ, ವಿಡಿಯೊಗೆ ಸೆಕೆಂಡಿಗೆ 1150 ಕಿಲೋಬಿಟ್, ಧ್ವನಿಗೆ 224. ಸಿನಿಮಾಸ್ಕೋಪ್ ಚಿತ್ರವನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಇದರೊಳಗೆ ಕೂರಿಸಿದರೆ ನಿಜವಾದ ಚಿತ್ರಕ್ಕೆ ಉಳಿಯುವುದು ಸುಮಾರು 163 ಗೆರೆ. ಅಷ್ಟು ಬಡ ಮೂಲವನ್ನು ಮತ್ತೊಂದು ಸಲ ಹಿಂಡಿದರೆ ಜಾಗ ಹೆಚ್ಚೇನೂ ಉಳಿಯುವುದಿಲ್ಲ, ಮುಖಗಳು ಮಾತ್ರ ಮೇಣದ ಹಾಗಾಗುತ್ತವೆ. ದೊಡ್ಡದು ಮಾಡಿ ಹೊಳಪು ಕೊಡುವ ಹೊಸ ತಂತ್ರಾಂಶಗಳೂ ಇವೆ. ಅವು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತವೆ, ಸಂಗ್ರಹದ ಮೂಲಪ್ರತಿಗೆ ಅವನ್ನು ಸೋಕಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಮೂರು ಭಾಗಗಳನ್ನು ಹಿಂಡದೆ ಎಂಕೆವಿ ಎಂಬ ಬಗೆಯ ಒಂದೇ ವಿಡಿಯೊ ಫೈಲಿಗೆ ಜೋಡಿಸಿದೆ, ಅಷ್ಟೇ.

ಒಂದರಲ್ಲಿ ಮೂರು ಚಿತ್ರ

ಡಿವಿಡಿಗಳ ಕೆಲಸ ಸುಲಭದ್ದು. ಇಡೀ ಡಿಸ್ಕಿನ ಐಎಸ್‌ಒ ಇಮೇಜ್ ತೆಗೆದು, ಅದರಿಂದ ಮುಖ್ಯ ಚಿತ್ರವನ್ನು ಹಿಂಡದೆ ಎಂಕೆವಿಗೆ ಹಾಕುವುದು. ಖಾತೆ ಪುಸ್ತಕದಲ್ಲಿ ದೊಡ್ಡಪ್ಪ ಹೆಮ್ಮೆಯಿಂದ ಅಡಿಗೆರೆ ಎಳೆದಿದ್ದವು ಒಂದೇ ಡಿವಿಡಿಯಲ್ಲಿ ಮೂರು ಚಿತ್ರ ಇದ್ದಂಥವು. ಅವುಗಳ ಬಗ್ಗೆ ಒಂದು ಲೆಕ್ಕ ಹೇಳಬೇಕು. ಒಂದು ಪದರದ ಡಿವಿಡಿ 4.7 ಗಿಗಾಬೈಟ್. ಎರಡೂವರೆ ಗಂಟೆಯ ಮೂರು ಚಿತ್ರ ಎಂದರೆ ಏಳೂವರೆ ಗಂಟೆ. ಭಾಗಿಸಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಬರುತ್ತದೆ. ವಿಸಿಡಿಯದ್ದೂ ಹತ್ತಿರ ಹತ್ತಿರ ಅಷ್ಟೇ. ಡಿವಿಡಿ ಎಂದ ಮಾತ್ರಕ್ಕೆ ಮೇಲು ಎಂದುಕೊಳ್ಳುವಂತಿಲ್ಲ. ಒಂದೇ ಚಿತ್ರ ಎರಡೂ ರೂಪದಲ್ಲಿದ್ದ ಕಡೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಕೆಲವು ಕಡೆ ದೊಡ್ಡಪ್ಪ ಮೂರು ಡಿಸ್ಕಿನ ಹಳೆಯ ವಿಸಿಡಿಯನ್ನೇ ಆರಿಸಿದರು, ನನ್ನ ಕಣ್ಣಿಗೂ ಅದೇ ಸರಿ ಕಂಡಿತು. ಕಪ್ಪುಬಿಳುಪಿನ ನೆರಳುಗಳು ಅದರಲ್ಲೇ ಚೆನ್ನಾಗಿದ್ದವು.

ಮದುವೆ ವಿಡಿಯೊಗಳಲ್ಲಿ ಇನ್ನೊಂದು ತೊಡಕು. ಆಗಿನ ಕ್ಯಾಮೆರಾಗಳು ಸೆಕೆಂಡಿಗೆ ಐವತ್ತು ಅರ್ಧಚಿತ್ರ ಹಿಡಿಯುತ್ತಿದ್ದವು, ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಇಂದಿನ ಟಿವಿಯಲ್ಲಿ ಕೈ ಬೀಸಿದಾಗ ಅಂಚುಗಳು ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಕಾಣುವುದು ಅದರಿಂದ. ನೋಡುವ ಪ್ರತಿಗೆ ಮಾತ್ರ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಡಿಇಂಟರ್ಲೇಸ್ ಮಾಡಿ, ಅಂದರೆ ಅರ್ಧಚಿತ್ರಗಳನ್ನು ಬಿಡಿಸಿ, ಸೆಕೆಂಡಿಗೆ ಐವತ್ತು ಪೂರ್ಣ ಚಿತ್ರವಾಗಿಸಿದೆ. ಮೂಲವನ್ನು ಮುಟ್ಟಲಿಲ್ಲ.

ಬೇಕೆಂದೇ ಬಿಟ್ಟವು

ಷೋಕೇಸಿನ ತಳದ ಚೀಲದಲ್ಲಿ ಕವರಿಲ್ಲದ, ಪೆನ್ನಿನಲ್ಲಿ ಹೆಸರು ಬರೆದ ಫುಟ್‌ಪಾತ್ ಡಿಸ್ಕ್‌ಗಳಿದ್ದವು. ಅವನ್ನು ತೆಗೆದುಕೊಳ್ಳಲಿಲ್ಲ.

"ದುಡ್ಡು ಕೊಟ್ಟೇ ತಂದಿದ್ದಪ್ಪ" ಎಂದರು ದೊಡ್ಡಪ್ಪ.

"ಆ ದುಡ್ಡು ಪಿಚ್ಚರ್ ಮಾಡಿದವರಿಗೆ ಹೋಗಿಲ್ಲ ದೊಡ್ಡಪ್ಪ."

ಅಷ್ಟು ಹೇಳಿದ್ದೇ ಸಾಕಾಯಿತು. ಜೀವನವಿಡೀ ಯಾರ ಬಾಕಿ ಯಾರಿಗೆ ಎಂದು ಬರೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ 52ನೇ ಕಲಂ ಖಾಸಗಿ ಬಳಕೆಗೆ ನ್ಯಾಯಯುತ ಉಪಯೋಗವನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ನಕಲು ತಡೆಯುವ ಡಿಜಿಟಲ್ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ ಎನ್ನುತ್ತದೆ. ದೊಡ್ಡಪ್ಪನ ಕನ್ನಡ ಡಿವಿಡಿಗಳಲ್ಲಿ ಹೆಚ್ಚಿನವಕ್ಕೆ ಬೀಗವೇ ಇರಲಿಲ್ಲ. ಬೀಗ ಇದ್ದವು ಕೆಲವು ಹಿಂದಿ, ಇಂಗ್ಲಿಷ್ ಚಿತ್ರಗಳು. ಅವು ಬೇರೆಡೆ ಸುಲಭವಾಗಿ ಸಿಗುವಂಥವು, ಅದಕ್ಕಾಗಿ ಕಾನೂನಿನ ಗಡಿಗೆ ಹೋಗಿ ನಿಲ್ಲುವ ಅಗತ್ಯ ನಮಗೆ ಕಾಣಲಿಲ್ಲ. ಡಿಸ್ಕನ್ನೇ ಜೋಪಾನವಾಗಿ ಇಟ್ಟೆವು.

ಪಕ್ಕದ ಮನೆಯವರು ಪೆನ್‌ಡ್ರೈವ್ ತಂದು ಹಳೆಯ ಚಿತ್ರಗಳನ್ನೆಲ್ಲ ಹಾಕಿಕೊಡಿ ಎಂದಾಗ ಇಲ್ಲ ಎನ್ನಬೇಕಾಯಿತು. ಹಳೆಯ ಚಿತ್ರಕ್ಕೆ ಯಾವ ಹಕ್ಕು ಎಂದು ಅವರ ಪ್ರಶ್ನೆ. ಚಲನಚಿತ್ರಕ್ಕೆ ಬಿಡುಗಡೆಯ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಚಿತ್ರದುರ್ಗದ ಕೋಟೆಯನ್ನು ಮನೆಮನೆಗೆ ತೋರಿಸಿದ 'ನಾಗರಹಾವು' ಬಂದದ್ದು 1972ರಲ್ಲಿ. ಅದರ ಹಕ್ಕು 2032ರ ಕೊನೆಯವರೆಗೂ ಇದೆ. ಹೀಗೆ ಅರವತ್ತು ವರ್ಷ ತುಂಬಿದವು ಮಾತ್ರ ಹಕ್ಕಿನಿಂದ ಹೊರಬಂದಿವೆ. "ಮನೆಗೆ ಬರ್ರಿ, ಕೂತ್ಕೊಂಡು ನೋಡೋಣ" ಎಂದರು ದೊಡ್ಡಪ್ಪ. ಅವರು ಬಂದರು ಕೂಡ.

ಎಲ್ಲಿ, ಹೇಗೆ ಇಟ್ಟೆವು

ವಿಸಿಡಿಗೆ ತಲಾ ಮುಕ್ಕಾಲು ಗಿಗಾಬೈಟ್, ಡಿವಿಡಿಗೆ ನಾಲ್ಕೂವರೆ ಎಂದು ಹಿಡಿದರೆ ಎಲ್ಲ ಸೇರಿ ಸುಮಾರು 600 ಗಿಗಾಬೈಟ್. ಎರಡು ಪದರದ ಕೆಲವು ಡಿವಿಡಿ, ನೋಡುವ ಪ್ರತಿಗಳು ಸೇರಿದರೂ 2 ಟೆರಾಬೈಟ್ ಧಾರಾಳ. ಎರಡು ಹೊರಗಿನ ಹಾರ್ಡ್‌ಡಿಸ್ಕ್ ಕೊಂಡೆವು. ಒಂದು ನಿಟುವಳ್ಳಿಯಲ್ಲಿ, ಇನ್ನೊಂದು ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದಲ್ಲಿ, ಅಕ್ಕನ ಬೀರುವಿನಲ್ಲಿ. ಮೂಲ ಡಿಸ್ಕ್‌ಗಳೇ ಮೂರನೆಯ ಪ್ರತಿ. ಅವನ್ನು ಮಾರುವುದಾಗಲಿ ಎಸೆಯುವುದಾಗಲಿ ಇಲ್ಲ. ಪಡುವಣ ಕಿಟಕಿಯಿಂದ ಒಳಕೋಣೆಯ ಕಪಾಟಿಗೆ ಸಾಗಿಸಿ, ಮಲಗಿಸದೆ ನಿಲ್ಲಿಸಿ ಇಟ್ಟಿದ್ದೇವೆ.

ಹಾರ್ಡ್‌ಡಿಸ್ಕನ್ನು ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದ್ದು. ಫ್ಯಾಟ್ 32 ಎಂಬ ಹಳೆಯ ವ್ಯವಸ್ಥೆಯಲ್ಲಿ ಒಂದು ಫೈಲ್ 4 ಗಿಗಾಬೈಟ್ ದಾಟುವಂತಿಲ್ಲ, ತುಂಬಿದ ಡಿವಿಡಿಯ ಇಮೇಜ್ ದಾಟುತ್ತದೆ. ಫೈಲುಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬೇಕೆಂದು ಇಬ್ಬರಿಗೂ ಇತ್ತು. ಕಂಪ್ಯೂಟರಿನಲ್ಲಿ ಚೆಂದ ಕಂಡ ಹೆಸರುಗಳು ಟಿವಿಯಲ್ಲಿ ಬರೀ ಚೌಕಗಳಾದವು. ಹಾಗಾಗಿ ನೋಡುವ ಪ್ರತಿಗಳಿಗೆ ಇಂಗ್ಲಿಷ್ ಅಕ್ಷರ, ಮೂಲಪ್ರತಿಗಳಿಗೆ ಕನ್ನಡ. ಎಲ್ಲದರ ತಲೆಯಲ್ಲೂ ಖಾತೆ ಪುಸ್ತಕದ ಕ್ರಮಸಂಖ್ಯೆ. ಆ ಪುಸ್ತಕವೇ ಇಡೀ ಸಂಗ್ರಹದ ಸೂಚಿಯಾಯಿತು, ಅದರ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಜೊತೆಗೆ ಸೇರಿಸಿದೆ.

ಪ್ರತಿ ಮೂಲಪ್ರತಿಗೂ ಎಸ್‌ಎಚ್‌ಎ 256 ಮೊತ್ತ (ಫೈಲಿನ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತೆಗೆದು ಒಂದು ಪಟ್ಟಿಯಲ್ಲಿ ಇಟ್ಟಿದ್ದೇನೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಮೊತ್ತ ಪೂರ್ತಿ ಬೇರೆ ಬರುತ್ತದೆ. ದೀಪಾವಳಿಗೆ ಅಕ್ಕ ತವರಿಗೆ ಬರುವಾಗ ಹರಿಹರದ ಹಾರ್ಡ್‌ಡಿಸ್ಕ್ ತರುತ್ತಾಳೆ, ಎರಡನ್ನೂ ಪಟ್ಟಿಯೊಂದಿಗೆ ತಾಳೆ ನೋಡುತ್ತೇವೆ. ದೊಡ್ಡಪ್ಪ ಇದಕ್ಕೆ "ವರ್ಷದ ಲೆಕ್ಕ ತಪಾಸಣೆ" ಎನ್ನುತ್ತಾರೆ, ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾರೆ.

ಮನೆಯ ಸಮಾರಂಭಗಳವು ಎಲ್ಲವೂ ಬಂದಿವೆ. ಎತ್ತಲು ಕೈಹಾಕಿದ ಸಿನಿಮಾಗಳಲ್ಲಿ ಮೂರು ವಿಸಿಡಿಗಳು ಮಾತ್ರ ಪೂರ್ತಿ ಬಂದಿಲ್ಲ. ಮೂರರಲ್ಲೂ ಲೇಬಲ್ಲಿನ ಕಡೆಯಿಂದ ಪದರ ಎದ್ದಿದೆ, ತೊಳೆದರೂ ನಿಧಾನ ಓದಿದರೂ ಆ ಜಾಗದಲ್ಲಿ ಓದಲು ಏನೂ ಉಳಿದಿಲ್ಲ. ಯಾವ ಸೆಕ್ಟರಿನಿಂದ ಯಾವ ಸೆಕ್ಟರಿನವರೆಗೆ ಎಂಬುದನ್ನು ಬರೆದಿಟ್ಟಿದ್ದೇವೆ. ಡಿಸ್ಕಿನ ನಡುವಿನ ಉಂಗುರದಲ್ಲಿ, ಕೆಳಮೈಯಲ್ಲಿ, ಸಣ್ಣದಾಗಿ ಒಂದು ಸಂಖ್ಯೆ ಕೆತ್ತಿರುತ್ತದೆ. ಅದು ಒತ್ತಿದ ಅಚ್ಚಿನ ಗುರುತು. ಅದೇ ಸಂಖ್ಯೆಯ ಇನ್ನೊಂದು ಡಿಸ್ಕ್ ಸಿಕ್ಕರೆ, ಧಾರೆಯ ಡಿಸ್ಕಿಗೆ ಮಾಡಿದ ಹಾಗೆಯೇ ಹೋಲಿಸಿ ನೋಡಿ ಆ ಜಾಗವನ್ನು ತುಂಬಬಹುದು. ಆ ಮೂರು ಸಂಖ್ಯೆಗಳನ್ನು ದೊಡ್ಡಪ್ಪ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಮಂಡಿಪೇಟೆಯ ಕಡೆ ಹೋದಾಗಲೆಲ್ಲ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಡಿಸ್ಕ್‌ಗಳನ್ನು ತಿರುಗಿಸಿ ನೋಡುತ್ತಿದ್ದಾರೆ.